ಮುರಕಲ್ಲಿನೊಳಗೆ ಯಾರಿದ್ದಾರೆ? ನಮ್ಮ ಬಾವಿ, ಸುರಂಗ ಮತ್ತು ನೆಲದಡಿಯ ಮೀನುಗಳ ಕುರಿತು

ಪದವಿನ ಮೇಷ್ಟ್ರು, ಬದಿಯಡ್ಕ

ಕನ್ನಡ ಮಾಧ್ಯಮದ ಮಕ್ಕಳಿಗೆ ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಒಂದು ಘಟನೆ ಬಹಳ ಕಾಲದಿಂದ ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿದೆ. ಒಂದು ಮೇ ತಿಂಗಳಲ್ಲಿ ನಮ್ಮ ಮನೆಯ ಬಾವಿಯ ಹೂಳು ತೆಗೆಸುತ್ತಿದ್ದಾಗ, ಕೆಳಗಿಳಿದವರು ಮೇಲಕ್ಕೆ ಕಳುಹಿಸಿದ ಕೆಸರಿನ ಬಕೆಟ್ಟಿನಲ್ಲಿ ಬೆರಳುದ್ದದ, ಕಡುಗೆಂಪಾದ, ದಾರದಂತಹ ಜೀವಿಯೊಂದು ಹೊರಳಾಡುತ್ತಿತ್ತು. ಅದೇನೆಂದು ಕೇಳಿದ ನೆರೆಮನೆಯ ಹುಡುಗನಿಗೆ ಎರೆಹುಳು ಎಂದು ಹೇಳಿ, ಕೆಸರಿನೊಂದಿಗೇ ತೆಂಗಿನ ಬುಡಕ್ಕೆ ಸುರಿಸಿಬಿಟ್ಟೆ. ಅದು ಎರೆಹುಳುವೇ ಆಗಿದ್ದಿರಬಹುದು. ಆದರೆ ಅದು ಮೈಯನ್ನು ಹಿಗ್ಗಿಸಿ ಕುಗ್ಗಿಸಿ ಚಲಿಸುತ್ತಿರಲಿಲ್ಲ. ಹಾವಿನ ಹಾಗೆ ಎಡಕ್ಕೂ ಬಲಕ್ಕೂ ಬಳುಕುತ್ತಿತ್ತು. ಆ ಬಳುಕು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಕೇರಳದ ಬಾವಿಗಳಿಂದ ಹೊರಬಂದಿರುವ ಮೀನುಗಳ ವಿಷಯವನ್ನು ಓದುತ್ತ ಹೋದಂತೆ ಆ ನೆನಪು ಹೆಚ್ಚು ಕಾಡತೊಡಗಿತು. 2011ರಲ್ಲಿ ತ್ರಿಶೂರು ಜಿಲ್ಲೆಯಿಂದ ಕ್ರಿಪ್ಟೋಗ್ಲಾನಿಸ್ ಶಾಜಿ ಎಂಬ ಮುಗುಡಿನ ಜಾತಿಯ ಮೀನು ವಿಜ್ಞಾನಕ್ಕೆ ಪರಿಚಯವಾಯಿತು. 2019ರಲ್ಲಿ ಕಲ್ಲಿಕೋಟೆಯ ಬಾವಿಯೊಂದರಿಂದ ದಾರದಷ್ಟು ಸಪೂರವಾದ ಪಾಂಜಿಯೊ ಭುಜಿಯಾ ಬಂತು. ನಾವು ಸಂಜೆಯ ಚಹಾದ ಜೊತೆಗೆ ತಿನ್ನುವ ಭುಜಿಯಾದಂತೆ ಕಾಣುತ್ತದೆ ಎಂಬುದೇ ಆ ಹೆಸರಿಗೆ ಕಾರಣ. ಚೆಂಗನ್ನೂರಿನ ಮನೆಯೊಂದರ ನಲ್ಲಿಯ ನೀರಿನಲ್ಲಿ ಬಂದುಬಿದ್ದ ಅದರ ಸೋದರ ಜಾತಿಗೆ 2022ರಲ್ಲಿ ಪಾಂಜಿಯೊ ಪಾತಾಳ ಎಂದು ಹೆಸರಿಟ್ಟರು. 2018ರ ಮಹಾಪ್ರವಾಹದ ನೀರು ಇಳಿದ ಮೇಲೆ ಮಲಪ್ಪುರಂ ಜಿಲ್ಲೆಯ ಊರಗಂನ ಗದ್ದೆಯಲ್ಲಿ ದೊರೆತ ಮೀನಿನ ಕಥೆ ಇವೆಲ್ಲಕ್ಕಿಂತ ಅಚ್ಚರಿಯದು. ಎನಿಗ್ಮಚನ್ನಾ ಗೊಲ್ಲಮ್ ಎಂಬ ಆ ಮೀನು ಹಾವುತಲೆ ಮೀನುಗಳ, ಅಂದರೆ ಮಲಯಾಳದಲ್ಲಿ ವರಾಲ್ ಎನ್ನುವ ಮೀನುಗಳ ದೂರದ ಬಂಧು. ಆ ಬಂಧುತ್ವ ಎಷ್ಟು ದೂರದ್ದೆಂದರೆ, 2020ರಲ್ಲಿ ಅದಕ್ಕಾಗಿ ಪ್ರತ್ಯೇಕ ಕುಟುಂಬವನ್ನೇ ಸ್ಥಾಪಿಸಬೇಕಾಯಿತು. ಲೆಕ್ಕಕ್ಕೆ ಆಧಾರವಾಗಿ ಯಾವ ಪಳೆಯುಳಿಕೆಯನ್ನು ಹಿಡಿಯುತ್ತೇವೆ ಎಂಬುದರ ಮೇಲೆ, ಎರಡು ಕವಲುಗಳು ಬೇರೆಯಾದದ್ದು 3.4 ಕೋಟಿ ವರ್ಷಗಳ ಹಿಂದೆ ಎಂದಾದರೂ ಬರುತ್ತದೆ, 10.9 ಕೋಟಿ ವರ್ಷಗಳ ಹಿಂದೆ ಎಂದಾದರೂ ಬರುತ್ತದೆ.

ಇವೆಲ್ಲ ಸಿಕ್ಕಿದ್ದು ನಮ್ಮ ಮನೆಗಳ ಗೋಡೆಗೆ ಬಳಸುವ ಅದೇ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ ನೆಲದಲ್ಲಿ. ಈ ವಿಷಯದಲ್ಲಿ ತಿಳಿದವರು ಬರೆಯಬೇಕು, ಕಂಡವರು ಕಂಡದ್ದನ್ನು ಹೇಳಬೇಕು ಎಂಬ ಆಸೆಯಿಂದ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ಕಲ್ಲು ಓದುವವನು, ಕಾಸರಗೋಡು

ಭೂವಿಜ್ಞಾನದಲ್ಲಿ ಕೆಲಸ ಮಾಡಿದವನಾದ್ದರಿಂದ ಕಲ್ಲಿನ ಕಡೆಯಿಂದ ಆರಂಭಿಸುತ್ತೇನೆ. ಮೀನು ಹೇಗೆ ಅಲ್ಲಿಗೆ ಹೋಯಿತು ಎಂಬ ಪ್ರಶ್ನೆಗೆ ಅರ್ಧ ಉತ್ತರ ಕಲ್ಲಿನಲ್ಲಿಯೇ ಇದೆ.

ಮುರಕಲ್ಲು ಮೊದಲಿನಿಂದಲೂ ಮುರಕಲ್ಲಾಗಿರಲಿಲ್ಲ. ಜೋರು ಮಳೆ ಮತ್ತು ಉರಿಬಿಸಿಲು ಒಂದರ ಹಿಂದೊಂದು ಬರುವ ಊರುಗಳಲ್ಲಿ, ಅಡಿಯ ಗಟ್ಟಿ ಬಂಡೆ ಲಕ್ಷಾಂತರ ವರ್ಷ ಕೊಳೆಯುತ್ತದೆ ಎಂದೇ ಹೇಳಬೇಕು. ಮಳೆನೀರು ಅದರಲ್ಲಿನ ಸಿಲಿಕಾ, ಸೋಡಿಯಂ, ಕ್ಯಾಲ್ಸಿಯಂಗಳನ್ನು ಕರಗಿಸಿ ಒಯ್ಯುತ್ತದೆ. ಕರಗದ ಕಬ್ಬಿಣ ಮತ್ತು ಅಲ್ಯುಮಿನಿಯಂ ಆಕ್ಸೈಡುಗಳು ಹಿಂದೆ ಉಳಿದು, ತುಕ್ಕಿನ ಬಣ್ಣದ ಬಲೆಯೊಂದನ್ನು ಕಟ್ಟುತ್ತವೆ. ಆ ಬಲೆಯ ಸಂದುಗಳಲ್ಲಿ ಬಿಳಿ ಜೇಡಿ ತುಂಬಿಕೊಂಡಿರುತ್ತದೆ. ನೀರು ಹರಿದಂತೆಲ್ಲ ಜೇಡಿ ತೊಳೆದುಹೋಗಿ, ಹುಳು ಕೊರೆದಂತಹ ಕೊಳವೆಗಳು ಉಳಿಯುತ್ತವೆ. ಹೊಸದಾಗಿ ಕಡಿದ ಕಲ್ಲನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದವರಿಗೆ ಈ ತೂತುಗಳು ಗೊತ್ತು. ಅವು ಒಂದಕ್ಕೊಂದು ಸೇರಿಕೊಂಡು ಗುಡ್ಡದ ಒಳಗೆಲ್ಲ ಹಬ್ಬಿರುತ್ತವೆ. ನೀರಿಗೆ ಅದು ದಾರಿ. ದಾರದಷ್ಟು ಸಪೂರದ ಮೀನಿಗೂ ಅದು ದಾರಿಯೇ. ಮುರಕಲ್ಲಿನ ಪದರದ ಕೆಳಗಿರುವ ಮೆದುವಾದ ಜೇಡಿ ಪದರದ ಮೇಲೆ ನೀರು ನಿಧಾನವಾಗಿ ಅಡ್ಡಕ್ಕೆ ಸರಿಯುತ್ತದೆ.

ನಮ್ಮ ಜಿಲ್ಲೆಯಲ್ಲಿ 12 ನದಿಗಳಿವೆ, ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುತ್ತದೆ, ಆದರೂ ಏಪ್ರಿಲ್ ಬಂದರೆ ಗುಡ್ಡೆಯ ಮೇಲಿನ ಮನೆಗಳಲ್ಲಿ ಕೊಡಪಾನ ಬರಿದಾಗುತ್ತದೆ. ಈ ತೂತುಗಳೇ ಅದಕ್ಕೂ ಕಾರಣ. ಮುರಕಲ್ಲು ನೀರನ್ನು ಬೇಗ ಕುಡಿಯುತ್ತದೆ, ಬೇಗ ಬಿಟ್ಟುಕೊಡುತ್ತದೆ.

ಹೆಸರಿನ ವಿಷಯವಾಗಿ ಒಂದು ಮಾತು. ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರದಲ್ಲಿ ಕಂಡ ಈ ಕಲ್ಲಿಗೆ 1807ರಲ್ಲಿ ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟನು; ಲ್ಯಾಟಿನ್ ಭಾಷೆಯಲ್ಲಿ ಅದರ ಮೂಲಪದಕ್ಕೆ ಇಟ್ಟಿಗೆ ಎಂದು ಅರ್ಥ. ಸ್ಥಳೀಯರು ಇದನ್ನು ಇಟ್ಟಿಗೆ ಕಲ್ಲು ಎಂದು ಕರೆಯುವುದನ್ನು ಅವನೇ ದಾಖಲಿಸಿದ್ದಾನೆ. ಘಟ್ಟದ ಮೇಲಿನ ಕನ್ನಡಿಗರ ಜಂಬಿಟ್ಟಿಗೆಯಲ್ಲಿಯೂ ಇಟ್ಟಿಗೆ ಇದೆ. ಜನರ ಬಾಯಲ್ಲಿದ್ದ ಮಾತೇ ಲ್ಯಾಟಿನ್ನಿನ ಅಂಗಿ ತೊಟ್ಟು ಜಗತ್ತಿನ ಪಠ್ಯಗಳನ್ನು ಸೇರಿತು. ಆ ಸ್ಥಳವನ್ನು 1979ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಯಿತು.

ಮಂಜೇಶ್ವರದ ವಿದ್ಯಾರ್ಥಿನಿ

ಮೇಷ್ಟ್ರೇ, ನಾನು ಪ್ರಾಣಿಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ನೀವು ಕಂಡದ್ದು ಏನೆಂದು ಇಷ್ಟು ವರ್ಷಗಳ ಮೇಲೆ ಯಾರೂ ನಿರ್ಧರಿಸಲಾರರು, ಆದರೆ ಆ ಬಳುಕಿನ ವಿವರಣೆಯನ್ನು ಓದಿ ನನ್ನ ಮೈ ಜುಮ್ಮೆಂದಿತು. ನೆಲದಡಿಯ ನೀರಿನಲ್ಲಿ ಬದುಕುವ ಹಾವುಮೀನುಗಳ ಒಂದು ಕುಲಕ್ಕೆ ಈಗ ರಕ್ತಮಿಕ್ತಿಸ್ ಎಂದೇ ಹೆಸರಿದೆ. ಚರ್ಮದಲ್ಲಿ ಬಣ್ಣದ ಕಣಗಳು ಇಲ್ಲವಾದ್ದರಿಂದ ಒಳಗಿನ ರಕ್ತವೇ ಹೊರಗೆ ಕೆಂಪಾಗಿ ಕಾಣುತ್ತದೆ. ಈ ಕುಲದ ಡೈಗ್ರೆಸಸ್ ಎಂಬ ಜಾತಿ ಕಲ್ಲಿಕೋಟೆಯದು. ಮುಂಬಾ ಎಂಬ ಇನ್ನೊಂದು ಜಾತಿಯನ್ನು 2021ರಲ್ಲಿ ವಿವರಿಸಿದರು. ಅದು ದೊರೆತದ್ದು ಮುಂಬಯಿಯ ಜೋಗೇಶ್ವರಿಯಲ್ಲಿರುವ ಅಂಧರ ಶಾಲೆಯ ಬಾವಿಯಲ್ಲಿ. ದಕ್ಷಿಣಕ್ಕೆ ಕಲ್ಲಿಕೋಟೆ, ಉತ್ತರಕ್ಕೆ ಮುಂಬಯಿ. ನಡುವೆ ಇರುವವರು ನಾವು.

ಎಲ್ಲ ನೆಲದಡಿಯ ಮೀನುಗಳೂ ಎಲ್ಲ ಕಡೆಯೂ ಇರುತ್ತವೆ ಎಂದು ಇದರಿಂದ ತಿಳಿಯಬಾರದು. ಹೊರಾಗ್ಲಾನಿಸ್ ಎಂಬ, ಕಿರುಬೆರಳಿಗಿಂತಲೂ ಚಿಕ್ಕದಾದ ಕುರುಡು ಮುಗುಡುಗಳು ಪಾಲಕ್ಕಾಡಿನ ಕಣಿವೆಯ ದಕ್ಷಿಣಕ್ಕೆ ಮಾತ್ರ ಕಂಡುಬಂದಿವೆ. ಆದರೆ ಆ ಅಧ್ಯಯನ ನಡೆದ ಬಗೆಯನ್ನು ಇಲ್ಲಿ ಹೇಳಲೇಬೇಕು. ಸಂಶೋಧಕರು ಆರು ವರ್ಷಗಳ ಕಾಲ ಊರೂರಿನ ಜನರೊಂದಿಗೆ ಮಾತನಾಡಿ, ಬಾವಿಯಲ್ಲಿ, ಟ್ಯಾಂಕಿಯಲ್ಲಿ ವಿಚಿತ್ರವಾದದ್ದು ಕಂಡರೆ ತಿಳಿಸಿರಿ ಎಂದು ಕೇಳಿಕೊಂಡರು. ಹೀಗೆ 47 ಹೊಸ ಸ್ಥಳಗಳ ದಾಖಲೆ ಮತ್ತು 65 ಹೊಸ ವಂಶವಾಹಿ ಮಾಹಿತಿಗಳು ಸೇರಿದವು. 2023ರಲ್ಲಿ ಹೊಸ ಜಾತಿಯೊಂದನ್ನು ವಿವರಿಸಿದಾಗ ಅದಕ್ಕೆ ಹೊರಾಗ್ಲಾನಿಸ್ ಪಾಪ್ಯುಲಿ ಎಂದು ಹೆಸರಿಟ್ಟರು. ಆ ಹೆಸರಿನ ಅರ್ಥ ಜನರದು ಎಂದು.

ಕಣ್ಣು ಏಕೆ ಹೋಯಿತು ಎಂದು ನನ್ನ ತಂಗಿ ಕೇಳಿದಳು. ಬಳಸದ ಅಂಗ ಕ್ಷೀಣಿಸುತ್ತದೆ ಎಂಬುದು ಡಾರ್ವಿನ್ನನ ಕಾಲದ ಉತ್ತರ. ಈಗ ಅದಕ್ಕೆ ಲೆಕ್ಕವೂ ದೊರೆತಿದೆ. ಮೆಕ್ಸಿಕೋದ ಗುಹಾಮೀನಿನ ಬಂಧುಗಳಲ್ಲಿ, ಅಂದರೆ ಹೊರಗಿನ ನದಿಯಲ್ಲಿ ಬದುಕುವ ಕಣ್ಣುಳ್ಳ ಮೀನುಗಳಲ್ಲಿ, ದೃಷ್ಟಿಗೆ ತಗಲುವ ಶಕ್ತಿಯ ಖರ್ಚನ್ನು 2015ರಲ್ಲಿ ಅಳೆದರು. ಒಂದು ಗ್ರಾಂ ತೂಕದ ಮರಿಯು ಸುಮ್ಮನಿರುವಾಗ ವ್ಯಯಿಸುವ ಶಕ್ತಿಯ ಸುಮಾರು 15 ಶೇಕಡಾ ಕಣ್ಣಿಗೆ ಮತ್ತು ಮಿದುಳಿನ ದೃಷ್ಟಿಭಾಗಕ್ಕೆ ಹೋಗುತ್ತದೆ, 8.5 ಗ್ರಾಂ ತೂಕಕ್ಕೆ ಬೆಳೆದಾಗ ಅದು 5 ಶೇಕಡಾಕ್ಕೆ ಇಳಿಯುತ್ತದೆ. ಬೆಳಕೇ ಇಲ್ಲದ, ಆಹಾರ ತೀರ ವಿರಳವಾದ ಕಡೆ ಅಷ್ಟೊಂದು ಶಕ್ತಿಯನ್ನು ಕಾಣದ ಕಣ್ಣಿಗೆ ಕೊಡುವುದು ದುಬಾರಿ. ಆ ಗುಹಾಮೀನುಗಳ ಭ್ರೂಣದಲ್ಲಿ ಕಣ್ಣು ಮೊದಲು ಮೂಡುತ್ತದೆ, ಆಮೇಲೆ ಕರಗುತ್ತದೆ. ಎಷ್ಟೋ ತಲೆಮಾರುಗಳ ಹಿಂದಿನ ಹೊಳೆಯ ನೆನಪು ಮೊಟ್ಟೆಯೊಳಗೆ ಸ್ವಲ್ಪ ಹೊತ್ತು ಉಳಿದಂತೆ ನನಗೆ ಅದು ತೋರುತ್ತದೆ.

ಬಾಯಾರಿನ ಕೃಷಿಕ

ಬಾವಿಯ ಮಾತಾಯಿತು, ಸುರಂಗದ ಮಾತು ಬರಲಿಲ್ಲ. ನಮ್ಮ ಬಾಯಾರು, ಪಡ್ರೆ, ಎಣ್ಮಕಜೆಯ ಕಡೆಯಲ್ಲಿ ಬಾವಿಗಿಂತ ಸುರಂಗವೇ ಹಳೆಯ ನಂಟು. ನಮ್ಮ ಅಜ್ಜನ ಕಾಲದಲ್ಲಿ ತೋಡಿದ ಸುರಂಗದಿಂದ ಈಗಲೂ ನಮ್ಮ ಮನೆಗೆ ಕುಡಿಯುವ ನೀರು ಬರುತ್ತಿದೆ.

ಹೊರಗಿನವರಿಗೆ ತಿಳಿಯಲೆಂದು ಹೇಳುತ್ತೇನೆ. ಗುಡ್ಡೆಯ ಬದಿಯಲ್ಲಿ ಒಬ್ಬ ಮನುಷ್ಯ ಒಳಹೋಗುವಷ್ಟೇ ಅಗಲಕ್ಕೆ ಅಡ್ಡವಾಗಿ ತೋಡುತ್ತ ಹೋಗುತ್ತಾರೆ. ಒಬ್ಬರು ಪಿಕ್ಕಾಸಿನಿಂದ ಅಗೆದರೆ ಇನ್ನೊಬ್ಬರು ಬುಟ್ಟಿಯಲ್ಲಿ ಮಣ್ಣನ್ನು ಹೊರತರುತ್ತಾರೆ. ಕೈಯಲ್ಲಿ ಮೇಣದಬತ್ತಿ ಇರುತ್ತದೆ. ಅದು ಮಂಕಾದರೆ ಗಾಳಿ ಸಾಲದೆಂದು ತಿಳಿದು ಹೊರಬರಬೇಕು. ನೀರಿನ ಒಸರು ಸಿಕ್ಕಿದ ಮೇಲೆ ಪಂಪು ಬೇಡ, ವಿದ್ಯುತ್ತು ಬೇಡ. ತಾನಾಗಿ ಹರಿದು ಬರುವ ನೀರನ್ನು ಹಿಂದೆ ಅಡಕೆ ಮರದ ದಂಬೆಯಲ್ಲಿ ಹಾಯಿಸಿ ಅಂಗಳದ ತೊಟ್ಟಿಗೆ ಬಿಡುತ್ತಿದ್ದರು, ಈಗ ಪೈಪು ಬಂದಿದೆ. ಮುರಕಲ್ಲು ಗಾಳಿ ತಾಗಿದಷ್ಟೂ ಗಟ್ಟಿಯಾಗುವುದರಿಂದ ಒಳಗೆ ಕಂಬದ ಆಸರೆಯಿಲ್ಲದೆ ಸುರಂಗ ತಲೆಮಾರುಗಟ್ಟಲೆ ನಿಲ್ಲುತ್ತದೆ.

ಸುರಂಗದೊಳಗೆ ಜೀವಿಗಳಿವೆಯೇ ಎಂದು ಕೇಳಿದರೆ, ಇಲ್ಲದ ದಿನವನ್ನು ನಾನು ಕಂಡಿಲ್ಲ. ಬಾಯಿಯ ಹತ್ತಿರ ಬಾವಲಿಗಳು, ಸ್ವಲ್ಪ ಒಳಗೆ ಉದ್ದ ಮೀಸೆಯ ಮಿಡತೆಗಳು, ಗೋಡೆಯಲ್ಲಿ ಚಪ್ಪಟೆ ದೇಹದ ಜೇಡನಂತಹವು, ನೀರಿನಲ್ಲಿ ಕಪ್ಪೆಗಳು. ಹಿರಿಯರು ಬಾವಲಿಯನ್ನು ಓಡಿಸಬಾರದು ಎನ್ನುತ್ತಿದ್ದರು. ತೀರ ಒಳಗಿನ, ಕತ್ತಲೆಯ ನೀರಿನಲ್ಲಿ ಅಕ್ಕಿಕಾಳಿನಷ್ಟು ಚಿಕ್ಕ, ಬಿಳಿ, ಬೆನ್ನು ಬಾಗಿದ ಜೀವಿಗಳು ಅಡ್ಡಡ್ಡ ಈಜುವುದನ್ನು ಟಾರ್ಚಿನ ಬೆಳಕಿನಲ್ಲಿ ನೋಡಿದ್ದೇನೆ. ಅವು ಯಾವುವು ಎಂದು ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.

ಇನ್ನೊಂದು ಮಾತನ್ನು ಹೇಳದೆ ಇರಲಾರೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದ ವರ್ಷಗಳಲ್ಲಿ ನಾವು ಸುರಂಗದ ಬಾಯಿಗೆ ಸೊಪ್ಪು ಮುಚ್ಚುತ್ತಿದ್ದೆವು. ತೋಡಿನಲ್ಲಿ ಮೀನು ಬೆಳ್ಳಗೆ ತೇಲಿದ್ದನ್ನು ನೋಡಿದವರು ನಾವು. ಬಾಯಿಯನ್ನು ಮುಚ್ಚಿದ್ದೇನೋ ನಿಜ, ಆದರೆ ಮೇಲಿನ ಗುಡ್ಡೆಯೇ ತೂತು ತೂತಾಗಿದೆ ಎಂದು ಕಲ್ಲು ಓದುವವರು ಬರೆದದ್ದನ್ನು ಓದಿದಾಗ, ಆ ಸೊಪ್ಪಿನಿಂದ ಏನಾಗಿರಬಹುದು ಎಂದು ಯೋಚಿಸುತ್ತ ಬಹಳ ಹೊತ್ತು ಕುಳಿತೆ.

ಆದವಾನಿಯ ಕನ್ನಡಿಗ

ಬಾಯಾರಿನವರು ಹೇಳಿದ ಬಿಳಿಯ ಜೀವಿಗಳು ಕಠಿಣಚರ್ಮಿಗಳು, ಅಂದರೆ ಸಿಗಡಿ, ಏಡಿಗಳ ಸಂಬಂಧಿಗಳು ಆಗಿರುವ ಸಂಭವ ಹೆಚ್ಚು. ನಾನು ಆಂಧ್ರದ ಗಡಿಯ ಆದವಾನಿಯವನು. ನಮ್ಮಲ್ಲಿ ಮುರಕಲ್ಲೂ ಇಲ್ಲ, ನಿಮ್ಮಷ್ಟು ಮಳೆಯೂ ಇಲ್ಲ. ಆದರೂ ನಮ್ಮ ರಾಜ್ಯದ ಆಚಾರ್ಯ ನಾಗಾರ್ಜುನ ವಿಶ್ವವಿದ್ಯಾಲಯದ ವೈ. ರಂಗಾ ರೆಡ್ಡಿಯವರು ಮತ್ತು ಅವರ ಜೊತೆಗಾರರು ಬಾವಿ, ಕೊಳವೆಬಾವಿಗಳ ನೀರನ್ನು ಸಣ್ಣ ಕಣ್ಣಿನ ಬಲೆಯಲ್ಲಿ ಸೋಸಿಯೇ ಕೃಷ್ಣಾ, ಗೋದಾವರಿ ಪ್ರದೇಶಗಳಿಂದ ಇಂತಹ ಹಲವಾರು ಹೊಸ ಜಾತಿಗಳನ್ನು ವಿವರಿಸಿದ್ದಾರೆ. ಅವುಗಳಲ್ಲಿ ಹೆಚ್ಚಿನವು ಒಂದೆರಡು ಮಿಲಿಮೀಟರ್ ಉದ್ದದವು, ಕಣ್ಣಿಲ್ಲದವು. ಬೇರಿನ ಚೂರು, ಕೊಳೆತ ಎಲೆಯ ರಸ, ಕಲ್ಲಿಗೆ ಅಂಟಿದ ಬ್ಯಾಕ್ಟೀರಿಯಾದ ಪೊರೆ ಇವುಗಳ ಆಹಾರ; ಇವು ಮೀನಿಗೆ ಆಹಾರ. ಮೀನನ್ನು ಹುಡುಕುವವರು ಮೊದಲು ಇವನ್ನು ಹುಡುಕಬೇಕು.

ಮೇಘಾಲಯದ ಜೈಂತಿಯಾ ಬೆಟ್ಟಗಳ ಉಮ್ ಲಡಾವ್ ಗುಹೆಯಲ್ಲಿ 2019ರಲ್ಲಿ ವರದಿಯಾದ ಕುರುಡು ಮೀನು 40 ಸೆಂಟಿಮೀಟರಿಗೂ ಮೀರಿ ಬೆಳೆಯುತ್ತದೆ. ಜಗತ್ತಿನ ಗುಹಾಮೀನುಗಳಲ್ಲಿಯೇ ದೊಡ್ಡದಾದ ಅದಕ್ಕೆ 2023ರಲ್ಲಿ ನಿಯೊಲಿಸೊಕೈಲಸ್ ಪ್ನಾರ್ ಎಂಬ ಹೆಸರಾಯಿತು. ಅಲ್ಲಿ ಸುಣ್ಣಕಲ್ಲು ಕರಗಿ ದೊಡ್ಡ ಕೋಣೆಗಳೇ ಆಗಿವೆ. ನಿಮ್ಮಲ್ಲಿ ಬೆರಳು ತೂರದ ಕೊಳವೆಗಳು. ಮನೆಯ ಅಳತೆಗೆ ತಕ್ಕಂತೆ ಮನೆಯವರು ಇದ್ದಾರೆ.

ಕುಂಬಳೆಯಿಂದ ಒಬ್ಬ ತಾಯಿ

ನನ್ನದು ಒಂದು ಪ್ರಾಮಾಣಿಕ ಸಂದೇಹ. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಮಳೆ ಹಿಡಿದ ಮೇಲೆ ನಾವು ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುತ್ತೇವೆ. ಮನೆಯಲ್ಲಿ ಮೂರು ವರ್ಷದ ಮಗುವಿದೆ. ಇಲ್ಲಿ ಬರೆದದ್ದನ್ನೆಲ್ಲ ಓದಿದ ಮೇಲೆ, ಬಾವಿಯಲ್ಲಿ ಇಂತಹ ಅಪರೂಪದ ಜೀವಿಗಳಿದ್ದರೆ ನಾನು ಅವನ್ನು ಕೊಲ್ಲುತ್ತಿದ್ದೇನೆಯೇ ಎಂದು ಸಂಕಟವಾಯಿತು. ಹಾಕದೆ ಇರಲು ಧೈರ್ಯವಿಲ್ಲ.

ಪದವಿನ ಮೇಷ್ಟ್ರು, ಬದಿಯಡ್ಕ

ತಾಯಿ, ಹಾಕದೆ ಇರಬೇಡಿ. ಮಗುವಿನ ಆರೋಗ್ಯಕ್ಕಿಂತ ದೊಡ್ಡದು ಯಾವುದೂ ಇಲ್ಲ. ಮಳೆಗಾಲದ ಮೊದಲ ನೀರು ಶೌಚಗುಂಡಿಯ ಕೊಳೆಯನ್ನೂ ಇದೇ ತೂತುಗಳ ಮೂಲಕ ಬಾವಿಗೆ ತರಬಲ್ಲದು. ಸಾಧ್ಯವಿದ್ದಷ್ಟೂ ನೀರನ್ನು ಕುದಿಸಿಯೇ ಕುಡಿಯಿರಿ.

ಆದರೆ ಅಳತೆ ಬೇಕು. ನಮ್ಮಲ್ಲಿ ಅನೇಕರು ಒಂದು ಪೊಟ್ಟಣವನ್ನು ಹಾಗೆಯೇ ಬಾವಿಗೆ ಸುರಿಯುತ್ತಾರೆ. ಸಾಮಾನ್ಯ ಸಂದರ್ಭದಲ್ಲಿ 1000 ಲೀಟರ್ ನೀರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಸಾಕು. ನಿಮ್ಮ ಬಾವಿಯ ವ್ಯಾಸ 3 ಮೀಟರ್, ನೀರಿನ ಆಳ 2 ಮೀಟರ್ ಎಂದಿಟ್ಟುಕೊಳ್ಳೋಣ. ಆಗ ನೀರು ಸುಮಾರು 14,000 ಲೀಟರ್; ಬೇಕಾದ ಪುಡಿ 35 ಗ್ರಾಂ, ಅಂದರೆ ಒಂದು ಹಿಡಿಗೂ ಕಡಿಮೆ. ಅದನ್ನು ಬಕೆಟ್ಟಿನಲ್ಲಿ ಸ್ವಲ್ಪ ನೀರಿನೊಂದಿಗೆ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನು ಮಾತ್ರ ಬಾವಿಗಿಳಿಸಿ ಕದಡಬೇಕು. ಕನಿಷ್ಠ ಒಂದು ಗಂಟೆ ಬಿಟ್ಟು ನೀರು ಸೇದಬೇಕು. ಹೀಗೆ ಮಾಡಿದರೆ ನಿಮ್ಮ ಮನೆಯ ನೀರೂ ಶುದ್ಧವಾಗುತ್ತದೆ, ಗುಡ್ಡದೊಳಗಿನ ನೀರಿಗೆ ಬೇಡದ ವಿಷವೂ ಸೇರುವುದಿಲ್ಲ. ಈ ಲೆಕ್ಕವನ್ನು ನಾನು ಎಂಟನೆಯ ತರಗತಿಯ ಮಕ್ಕಳಿಗೆ ಸಿಲಿಂಡರಿನ ಘನಫಲದ ಪಾಠದಲ್ಲಿ ಮಾಡಿಸುತ್ತಿದ್ದೆ, ಆಗ ಮೀನಿನ ಯೋಚನೆ ನನಗಿರಲಿಲ್ಲ.

ಪೆರಿಯದ ಸಸ್ಯಪ್ರಿಯೆ

ಎಲ್ಲರೂ ಕಲ್ಲಿನ ಒಳಗೆ ನೋಡುತ್ತಿದ್ದೀರಿ, ಸ್ವಲ್ಪ ಕಲ್ಲಿನ ಮೇಲೂ ನೋಡಬೇಕೆಂದು ಬೇಡುತ್ತೇನೆ. ಸರ್ಕಾರಿ ಕಡತಗಳಲ್ಲಿ ಬಂಜರು ಎಂದು ಬರೆಯುವ ಪದವುಗಳನ್ನು, ಅಂದರೆ ಮುರಕಲ್ಲಿನ ಬಯಲುಗಳನ್ನು, ಮಳೆಗಾಲದ ಆಟಿ ತಿಂಗಳಲ್ಲಿ ಒಮ್ಮೆ ಮಂಡಿಯೂರಿ ನೋಡಬೇಕು. ಬೇಸಗೆಯಲ್ಲಿ ಕಾಲು ಸುಡುವ ಕಪ್ಪು ಹಾಸಿನ ಮೇಲೆ ಅಂಗುಲದಷ್ಟೂ ಮಣ್ಣಿಲ್ಲದ ಕಡೆ ನೀಲಿಯ ಹಾಸು ಹಾಸಿರುತ್ತದೆ. ಓಣಂ ಹೂವಿನ ರಂಗೋಲಿಗೆಂದು ಮಕ್ಕಳು ಕೊಯ್ಯುವ ಆ ಕಾಕ್ಕಪ್ಪೂ ಒಂದು ಮಾಂಸಾಹಾರಿ ಸಸ್ಯ.

ಮುರಕಲ್ಲಿನಿಂದ ಮಳೆ ಎಲ್ಲ ಪೋಷಕಾಂಶವನ್ನೂ ತೊಳೆದುಹಾಕಿರುವುದರಿಂದ ಈ ಗಿಡ ಸಾರಜನಕಕ್ಕಾಗಿ ಬೇಟೆಗಿಳಿಯುತ್ತದೆ. ನೆನೆದ ನೆಲದಡಿಯಲ್ಲಿ ಅದರ ಎಳೆಗಳ ಮೇಲೆ ಸಾಸಿವೆಗಿಂತ ಚಿಕ್ಕ ಚೀಲಗಳಿರುತ್ತವೆ. ಚೀಲ ತನ್ನೊಳಗಿನ ನೀರನ್ನು ಹೊರಕ್ಕೆ ಹಾಕಿ ಗೋಡೆಗಳನ್ನು ಒಳಕ್ಕೆ ಎಳೆದುಕೊಂಡು, ಬಾಗಿಲು ಬಿಗಿದು ಕಾಯುತ್ತದೆ. ಬಾಗಿಲಿನ ರೋಮವನ್ನು ಯಾವುದಾದರೂ ಸೂಕ್ಷ್ಮಜೀವಿ ತಾಗಿದೊಡನೆ ಬಾಗಿಲು ಒಳಕ್ಕೆ ಮಡಚಿ, ನೀರು ಬೇಟೆಯೊಡನೆ ನುಗ್ಗುತ್ತದೆ. ಈ ಕುಲದ ಗಿಡಗಳನ್ನು ಅತಿವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದ 2011ರ ಅಧ್ಯಯನದಂತೆ, ಇದೆಲ್ಲ ನಡೆಯುವುದು ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಅವಧಿಯಲ್ಲಿ. ನೀರಿನ ವೇಗವರ್ಧನೆ ಗುರುತ್ವದ 600 ಪಟ್ಟಿನವರೆಗೂ ಏರುತ್ತದೆ. ಸಸ್ಯಲೋಕದ ಅತಿವೇಗದ ಚಲನೆಗಳಲ್ಲಿ ಒಂದು ನಮ್ಮ ಚಪ್ಪಲಿಯ ಅಡಿಯಲ್ಲಿ ನಡೆಯುತ್ತಿದೆ ಎಂಬುದನ್ನು ನೆನೆದರೆ ನನಗೆ ಪದವಿನಲ್ಲಿ ಕಾಲಿಡಲು ಹಿಂಜರಿಕೆಯಾಗುತ್ತದೆ.

ನಮ್ಮ ಪೆರಿಯದ ಹೆಸರನ್ನೂ ಹೇಳಿಬಿಡುತ್ತೇನೆ. ಇಲ್ಲಿನ ಮಳೆಗಾಲದ ತೊರೆಗಳಲ್ಲಿ ಬಿಳಿಯ ಹೂ ಬಿಡುವ ಪೊಲತ್ತಾಳಿಯನ್ನು 2012ರಲ್ಲಿ ಕ್ರೈನಮ್ ಮಲಬಾರಿಕಮ್ ಎಂಬ ಹೊಸ ಜಾತಿಯಾಗಿ ವಿವರಿಸಿದರು. ಅದೇ ವರ್ಷ ಕಣ್ಣೂರಿನ ಮಾಡಾಯಿಪ್ಪಾರೆಯಿಂದ ಎರಿಯೊಕಾಲನ್ ಮಾಡಾಯಿಪಾರೆನ್ಸೆ ಎಂಬ ಪುಟ್ಟ ಬಿಳಿ ಗುಂಡುಹೂವಿನ ಗಿಡ ಸೇರಿತು. ಉತ್ತರಕ್ಕೆ, ಮಣಿಪಾಲದ ಮುರಕಲ್ಲಿನ ಬಯಲಿನಲ್ಲಿ ಕೂಗುತ್ತಿದ್ದ, ಸುಮಾರು 16 ಮಿಲಿಮೀಟರ್ ಉದ್ದದ ಕಪ್ಪೆಯೊಂದಕ್ಕೆ 2016ರಲ್ಲಿ ಮೈಕ್ರೊಹೈಲಾ ಲ್ಯಾಟರೈಟ್ ಎಂದು ಕಲ್ಲಿನ ಹೆಸರನ್ನೇ ಕೊಟ್ಟರು. ಅದರ ಕೂಗು ಮಿಡತೆಯ ದನಿಯಂತಿರುವುದರಿಂದ ಕಪ್ಪೆಯೆಂದು ಯಾರೂ ಅದನ್ನು ಹುಡುಕಿರಲಾರರು.

ಚಂದ್ರಗಿರಿ ತೀರ

ಜನರು ಕಂಡದ್ದನ್ನು ಹೇಳುವುದರಿಂದ ಏನಾಗುತ್ತದೆ ಎಂಬುದಕ್ಕೆ ನಮ್ಮ ಹೊಳೆಯ ಸಾಕ್ಷಿಯೂ ಇದೆ. ಇಲ್ಲಿಯವರು ಭೀಮನಾಮ ಎಂದು ಕರೆಯುವ ದೊಡ್ಡ ಮೆದುಚಿಪ್ಪಿನ ಆಮೆ, ಅಂದರೆ ಕ್ಯಾಂಟರನ ಆಮೆ, ತನ್ನ ಬದುಕಿನ ನೂರರಲ್ಲಿ ತೊಂಬತ್ತೈದು ಪಾಲನ್ನು ಮರಳಿನಲ್ಲಿ ಹುದುಗಿಯೇ ಕಳೆಯುವ ಪ್ರಾಣಿ. ಹೊಳೆಯ ಬದಿಯಲ್ಲಿ ವಾಸಿಸುವವರ ತಿಳಿವಳಿಕೆಯನ್ನು ಆಧರಿಸಿ ಹುಡುಕಿದ್ದರಿಂದಲೇ ಮೊಟ್ಟೆಯಿಡುವ ಹೆಣ್ಣಾಮೆ ಇಲ್ಲಿ ದಾಖಲಾಯಿತು, ನೀರಿನಲ್ಲಿ ಮುಳುಗಿದ ಗೂಡಿನ ಮೊಟ್ಟೆಗಳನ್ನು ಉಳಿಸಲು ಸಾಧ್ಯವಾಯಿತು. ಆ ಅಧ್ಯಯನ 2024ರಲ್ಲಿ ಪ್ರಕಟವಾಗಿದೆ. 2023ರಲ್ಲಿ ನಮ್ಮ ಜಿಲ್ಲೆ ತನ್ನದೇ ಮರ, ಹೂ, ಹಕ್ಕಿ, ಪ್ರಾಣಿಗಳನ್ನು ಘೋಷಿಸಿಕೊಂಡಾಗ ಕಾಸರಕ, ಪೊಲತ್ತಾಳಿ, ಬಿಳಿಹೊಟ್ಟೆಯ ಕಡಲಹದ್ದುಗಳ ಜೊತೆಗೆ ಈ ಆಮೆಗೂ ಸ್ಥಾನ ಸಿಕ್ಕಿತು.

ಕೋರೆಯ ಕೆಲಸದವನು, ಮುಳ್ಳೇರಿಯ

ಓದಿ ಸಂತೋಷವೂ ಆಯಿತು, ನೋವೂ ಆಯಿತು. ನಾನು ಮುರಕಲ್ಲಿನ ಕೋರೆಯಲ್ಲಿ ಹದಿನಾಲ್ಕು ವರ್ಷಗಳಿಂದ ಯಂತ್ರ ನಡೆಸುತ್ತೇನೆ. ನನ್ನ ಮಕ್ಕಳ ಶಾಲೆಯ ಶುಲ್ಕ ಆ ಕಲ್ಲಿನಿಂದಲೇ ಬರುತ್ತದೆ, ಇಲ್ಲಿ ಬರೆಯುತ್ತಿರುವ ಪ್ರತಿಯೊಬ್ಬರ ಮನೆಯೂ ಅದೇ ಕಲ್ಲಿನಿಂದ ಎದ್ದಿದೆ. ಕಲ್ಲು ಕಡಿಯಬಾರದೆಂದು ಯಾರೂ ನೇರವಾಗಿ ಬರೆದಿಲ್ಲವಾದರೂ, ಓದಿದವರಿಗೆ ಕಡಿಯುವವನೇ ತಪ್ಪಿತಸ್ಥನೆಂದು ಅನಿಸುತ್ತದೆ. ನಾನು ಕಂಡದ್ದನ್ನು ಹೇಳುತ್ತೇನೆ: ಆಳಕ್ಕೆ ಹೋದಾಗ ಕಲ್ಲಿನ ತೂತಿನಿಂದ ನೀರು ಚಿಮ್ಮಿದ್ದಿದೆ, ಆಮೇಲೆ ಕೆಳಗಿನ ಮನೆಯ ಸುರಂಗ ಬತ್ತಿದ್ದಿದೆ. ಆ ಮನೆಯವರು ನಮ್ಮ ಸಂಬಂಧಿಕರೇ.

ಕಲ್ಲು ಓದುವವನು, ಕಾಸರಗೋಡು

ನಿಮ್ಮ ಮಾತನ್ನು ಗೌರವದಿಂದ ಓದಿದೆ. ನನ್ನ ಮನೆಯೂ ಮುರಕಲ್ಲಿನದೇ, ಬೇಕಲದ ಕೋಟೆಯೂ ಮುರಕಲ್ಲಿನದೇ. ಇಟ್ಟಿಗೆಯಂತೆ ಸುಡಬೇಕಾಗಿಲ್ಲದ, ಸಿಮೆಂಟಿನಷ್ಟು ಇಂಧನ ಬೇಡದ ಇಂತಹ ಕಲ್ಲು ಬಳಕೆಗೆ ಯೋಗ್ಯವಾದದ್ದೇ. ಎಲ್ಲಿ ಕಡಿಯುತ್ತೇವೆ, ಎಷ್ಟು ಆಳಕ್ಕೆ ಎಂಬುದು ಮಾತ್ರ ಪ್ರಶ್ನೆ. ಗುಡ್ಡದ ನೆತ್ತಿಯ ಮುರಕಲ್ಲು ಮಳೆನೀರನ್ನು ಹಿಡಿದು ಕೆಳಗಿನ ಸುರಂಗಗಳಿಗೆ ಕೊಡುವ ಪಾತ್ರೆ. ಜೇಡಿ ಪದರದವರೆಗೂ ಕಡಿದು ತೆಗೆದರೆ ಪಾತ್ರೆಯೇ ಹೋಗುತ್ತದೆ; ಅದು ಮತ್ತೆ ಬೆಳೆಯಲು ಬೇಕಾದ ಕಾಲವನ್ನು ಮನುಷ್ಯನ ತಲೆಮಾರುಗಳಲ್ಲಿ ಎಣಿಸಲಾಗದು. ಒಸರು ಕಂಡ ಕಡೆ ನಿಲ್ಲಿಸಿ ಬೇರೆ ಪಾರ್ಶ್ವಕ್ಕೆ ಸರಿಯಬೇಕೆಂಬ ನಿಯಮ ಇರಬೇಕೆಂಬುದು ನನ್ನ ಅಭಿಪ್ರಾಯ. ಆ ಒಸರನ್ನು ಮೊದಲು ಕಾಣುವವರು ನೀವೇ. ಚಿಮ್ಮಿದ ನೀರಿನಲ್ಲಿ ಏನಾದರೂ ಅಲುಗಾಡಿದ್ದನ್ನು ಕಂಡಿದ್ದೀರಾ?

ಕೋರೆಯ ಕೆಲಸದವನು, ಮುಳ್ಳೇರಿಯ

ನೋಡಿಲ್ಲ. ನೋಡಬೇಕೆಂದು ಗೊತ್ತಿರಲಿಲ್ಲ. ಇನ್ನು ನೋಡುತ್ತೇನೆ.

ಮಂಜೇಶ್ವರದ ವಿದ್ಯಾರ್ಥಿನಿ

ನೋಡುವವರಿಗಾಗಿ ಕೆಲವು ಗುರುತುಗಳು. ಎರೆಹುಳುವಿನ ಮೈಮೇಲೆ ಉಂಗುರಗಳಿರುತ್ತವೆ, ಮೀನಿಗೆ ಇರುವುದಿಲ್ಲ. ಕಾಲಿಲ್ಲದ ಉಭಯಚರಗಳಾದ ಸಿಸಿಲಿಯನ್ನುಗಳಿಗೂ ಉಂಗುರಗಳಿರುತ್ತವೆ, ಆದರೆ ಅವುಗಳಿಗೆ ಸ್ಪಷ್ಟವಾದ ದವಡೆಯೂ ಹಲ್ಲೂ ಇರುತ್ತವೆ. ಜಿಗಣೆಗೆ ಎರಡೂ ತುದಿಯಲ್ಲಿ ಹೀರುಬಟ್ಟಲು. ಮೀನಾದರೆ ತಲೆಯ ಬಳಿ ಕಿವಿರಿನ ಸೀಳು ಕಾಣಬೇಕು, ಮುಗುಡಿನ ಜಾತಿಯಾದರೆ ಮೀಸೆಗಳೂ. ಬಿಳಿಯ ತಟ್ಟೆಯಲ್ಲಿ ಅದೇ ಬಾವಿಯ ನೀರನ್ನು ಹಾಕಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಮೇಲಿನಿಂದಲೂ ಬದಿಯಿಂದಲೂ ಚಿತ್ರ ತೆಗೆಯಿರಿ. ದಿನಾಂಕವನ್ನೂ ಬಾವಿಯ ಆಳವನ್ನೂ ಬರೆದಿಡಿರಿ. ಬಿಸಿಲಿಗೆ ಇಡಬೇಡಿ, ನಲ್ಲಿಯ ನೀರಿಗೆ ಹಾಕಬೇಡಿ. ಚಿತ್ರವಾದ ಮೇಲೆ ಬಂದ ಬಾವಿಗೇ ಬಿಟ್ಟುಬಿಡಿ.

ಪದವಿನ ಮೇಷ್ಟ್ರು, ಬದಿಯಡ್ಕ

ಈ ಚರ್ಚೆ ಆರಂಭವಾಗಿ ಹನ್ನೆರಡು ದಿನಗಳಾದವು. ಕಳೆದ ಶನಿವಾರ ಬಾಯಾರಿನ ಕೃಷಿಕರ ಮನೆಗೆ ಹೋಗಿದ್ದೆ. ಅಂದು ಎರೆಹುಳುವೇ ಎಂದು ನನ್ನಿಂದ ಉತ್ತರ ಪಡೆದಿದ್ದ ಹುಡುಗ ಈಗ ಮಂಗಳೂರಿನಲ್ಲಿ ಎಂಜಿನಿಯರು. ರಜೆಗೆ ಬಂದಿದ್ದವನು ತಾನೇ ಕಾರಿನಲ್ಲಿ ನನ್ನನ್ನು ಕರೆದುಕೊಂಡು ಹೋದನು. ಸಂಜೆ ಸುರಂಗದ ಬಾಯಿಯಲ್ಲಿ ಪೈಪಿನ ತುದಿಗೆ ಹಳೆಯ ಮಲ್ ಪಂಚೆಯ ತುಂಡನ್ನು ಚೀಲದಂತೆ ಕಟ್ಟಿದೆವು. ರಾತ್ರಿ ಊಟವಾದ ಮೇಲೆ ಸುರಂಗದ ಕಥೆಗಳನ್ನು ಕೇಳುತ್ತ ಜಗಲಿಯಲ್ಲಿಯೇ ಮಲಗಿದೆವು.

ಬೆಳಗ್ಗೆ ಚೀಲವನ್ನು ಬಿಚ್ಚಿ ಬಿಳಿಯ ಪಿಂಗಾಣಿ ತಟ್ಟೆಯಲ್ಲಿ ತೊಳೆದಾಗ ಮೊದಲು ಕಂಡದ್ದು ಕೆಂಪು ಹರಳು ಮಣ್ಣು, ಕೂದಲಿನಂತಹ ಬೇರಿನ ಎಳೆಗಳು, ಬಾವಲಿಯ ಹಿಕ್ಕೆಯ ಪುಡಿ. ಮಣ್ಣು ತಳಕ್ಕಿಳಿಯುವವರೆಗೆ ಕಾದೆವು. ಆಮೇಲೆ ತಟ್ಟೆಯ ಅಂಚಿನಲ್ಲಿ ಎರಡು ಬಿಳಿಯ ಜೀವಿಗಳು ಅಡ್ಡಡ್ಡಲಾಗಿ ಸರಿದವು. ಅಳತೆಪಟ್ಟಿಯಲ್ಲಿ ಒಂದು ನಾಲ್ಕು, ಇನ್ನೊಂದು ಐದು ಮಿಲಿಮೀಟರ್. ನಾನು ಶಾಲೆಯಿಂದ ಬೀಳ್ಕೊಡುಗೆಯಾಗಿ ಪಡೆದ ಭೂತಗನ್ನಡಿಯನ್ನು ಹಿಡಿದು ಬಹಳ ಹೊತ್ತು ನೋಡಿದೆ. ಬಾಗಿದ ಬೆನ್ನಿತ್ತು, ಕಾಲುಗಳ ಸಾಲಿತ್ತು, ತಲೆಯ ಮುಂದೆ ಎರಡು ಜೊತೆ ಮೀಸೆಗಳು ನೀರನ್ನು ತಡವುತ್ತಿದ್ದವು. ಕಣ್ಣು ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ.

ಚಿತ್ರಗಳನ್ನು ವಿದ್ಯಾರ್ಥಿನಿಗೆ ಕಳುಹಿಸಿದ್ದೇನೆ, ಅವರು ತಮ್ಮ ಅಧ್ಯಾಪಕರಿಗೆ ತೋರಿಸುತ್ತಾರೆ. ಜೀವಿಗಳನ್ನು ಕೃಷಿಕರು ಒಂದು ಲೋಟದಲ್ಲಿ ತೆಗೆದುಕೊಂಡು, ಟಾರ್ಚು ಹಿಡಿದು ಸುರಂಗದ ಕೊನೆಯವರೆಗೂ ಹೋಗಿ ಬಿಟ್ಟುಬಂದರು. ಮುಂದಿನ ಮೇ ತಿಂಗಳಲ್ಲಿ ನಮ್ಮ ಬಾವಿಯ ಹೂಳು ತೆಗೆಸಬೇಕಾಗಿದೆ. ಕೆಸರಿನ ಪ್ರತಿಯೊಂದು ಬಕೆಟ್ಟನ್ನೂ ತೆಂಗಿನ ಬುಡಕ್ಕೆ ಸುರಿಯುವ ಮೊದಲು ತಟ್ಟೆಯಲ್ಲಿ ತೊಳೆದು ನೋಡಲು ಬರುವುದಾಗಿ ಆ ಹುಡುಗ ಹೇಳಿದ್ದಾನೆ.